ವಿದೇಶದಲ್ಲಿದ್ದುಕೊಂಡು ನಮ್ಮೂರಿನ ಕುದುರೆ ರೇಸ್ ನೋಡುವುದು ಹೇಗೆ? ಅಲ್ಲಿಂದಲೇ ಬೆಟ್ ಕಟ್ಟಬಹುದೇ? ಇಲ್ಲಿದೆ ವಿವರ

ಮುಂಬೈನ ಮಹಾಲಕ್ಷ್ಮಿ ಮೈದಾನದಲ್ಲಿ ಇಂಡಿಯನ್ ಡರ್ಬಿ ನಡೆಯುವುದು ಸಂಪ್ರದಾಯದಂತೆ ಫೆಬ್ರವರಿಯ ಮೊದಲ ಭಾನುವಾರ. ಅದೇ ವಾರ ಕಂಪನಿ ಕೆಲಸದ ಮೇಲೆ ದುಬೈಗೋ ಸಿಂಗಾಪುರಕ್ಕೋ ಹೊರಡಬೇಕಾಗಿ ಬಂದರೆ? ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಅಲ್ಲೇ ಉಳಿಯಬೇಕಾದರೆ? ವರ್ಷಗಟ್ಟಲೆ ರೇಸ್ ಪುಸ್ತಕ ಹಿಡಿದು ಮೈದಾನಕ್ಕೆ ಹೋಗಿ ಬಂದವರಿಗೆ ಆ ಭಾನುವಾರ ಸುಮ್ಮನೆ ಕೂರುವುದು ಕಷ್ಟ.

ಈಗ ಹಾಗೆ ಸುಮ್ಮನೆ ಕೂರಬೇಕಾಗಿಲ್ಲ. ಮೊಬೈಲ್ ಇದ್ದರೆ ರೇಸ್ ಕಾರ್ಡ್, ಓಟದ ವಿಡಿಯೊ, ಫಲಿತಾಂಶ ಎಲ್ಲವೂ ಸಿಗುತ್ತದೆ. ಆದರೆ ನೋಡುವುದು ಒಂದು, ಹಣ ಕಟ್ಟುವುದು ಇನ್ನೊಂದು. ರೇಸ್ ನೋಡುವವರಿಗೆ ಗಡಿ ಅಡ್ಡ ಬರುವುದಿಲ್ಲ. ಬೆಟ್ ಕಟ್ಟಲು ಹೊರಟರೆ ಭಾರತದ ಕಾನೂನು ಮತ್ತು ಆ ಹೊತ್ತಿಗೆ ನೀವಿರುವ ದೇಶದ ಕಾನೂನು ಎರಡೂ ಲೆಕ್ಕಕ್ಕೆ ಬರುತ್ತವೆ. ಈ ವ್ಯತ್ಯಾಸ ತಿಳಿಯದವರು ಕಳೆದುಕೊಳ್ಳುವುದು ಕುದುರೆ ಬಾಲಕ್ಕೆ ಕಟ್ಟಿದ ದುಡ್ಡನ್ನು ಮಾತ್ರವಲ್ಲ. ಕೆಲವು ದೇಶಗಳಲ್ಲಿ ಜೈಲಿನವರೆಗೂ ಹೋಗಬಹುದು.

ಯಾವ ಊರಿನಲ್ಲಿ ಯಾವಾಗ ರೇಸ್?

ಟಿಕೆಟ್ ಬುಕ್ ಮಾಡುವ ಮುನ್ನ ಸೀಸನ್ ಲೆಕ್ಕ ಹಾಕುವವರಿಗೆ ಒಂದು ಸ್ಥೂಲ ಚಿತ್ರಣ ಹೀಗಿದೆ.

ಮುಂಬೈ: ಮಹಾಲಕ್ಷ್ಮಿಯಲ್ಲಿ ನವೆಂಬರ್‌ನಿಂದ ಬೇಸಿಗೆಯ ಆರಂಭದವರೆಗೆ.

ಪುಣೆ: ಮುಂಬೈನಲ್ಲಿ ಮಳೆ ಶುರುವಾದ ಮೇಲೆ ಅದೇ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್‌ನ ರೇಸ್‌ಗಳು ಪುಣೆಗೆ ಬರುತ್ತವೆ. ಜುಲೈನಿಂದ ಸುಮಾರು ನಾಲ್ಕು ತಿಂಗಳು ಇಲ್ಲಿನ ಸೀಸನ್.

ಬೆಂಗಳೂರು: ಬೇಸಿಗೆ ಮತ್ತು ಚಳಿಗಾಲ ಎಂದು ಎರಡು ಸೀಸನ್. ಬೇಸಿಗೆ ಡರ್ಬಿ ಸಾಮಾನ್ಯವಾಗಿ ಜುಲೈನಲ್ಲಿ, ಚಳಿಗಾಲದ ಡರ್ಬಿ ಜನವರಿಯಲ್ಲಿ.

ಮೈಸೂರು: ಬೆಂಗಳೂರಿನ ಬೇಸಿಗೆ ಸೀಸನ್ ಮುಗಿದ ಮೇಲೆ ಚಾಮುಂಡಿ ಬೆಟ್ಟದ ತಪ್ಪಲಿನ ಮೈದಾನದಲ್ಲಿ ಸದ್ದು. ಮೈಸೂರು ಡರ್ಬಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ.

ಹೈದರಾಬಾದ್: ಮಲಕ್‌ಪೇಟೆಯಲ್ಲಿ ಮಳೆಗಾಲ ಮತ್ತು ಚಳಿಗಾಲದ ಸೀಸನ್. ಡೆಕ್ಕನ್ ಡರ್ಬಿಗೆ ಅಕ್ಟೋಬರ್ 2 ರೂಢಿಯ ದಿನ.

ಚೆನ್ನೈ, ಊಟಿ: ಇಲ್ಲಿ ಹಳೆಯ ಕ್ಯಾಲೆಂಡರ್ ನಂಬಿ ಕೂರುವಂತಿಲ್ಲ. ಊಟಿ ಮೈದಾನದ ಜಾಗವನ್ನೂ ಗಿಂಡಿ ಮೈದಾನದ ಜಾಗವನ್ನೂ ತಮಿಳುನಾಡು ಸರ್ಕಾರ 2024ರಲ್ಲಿ ವಶಕ್ಕೆ ಪಡೆಯಲು ಮುಂದಾಗಿ, ವಿಷಯ ಕೋರ್ಟ್ ಮೆಟ್ಟಿಲೇರಿತು.

ಮಳೆ, ಟ್ರ್ಯಾಕ್ ದುರಸ್ತಿ, ಪರವಾನಗಿ ಹೀಗೆ ಯಾವುದೇ ಕಾರಣಕ್ಕೆ ದಿನಾಂಕ ಬದಲಾಗಬಹುದು. ಆಯಾ ಕ್ಲಬ್ ಪ್ರಕಟಿಸುವ ಪಟ್ಟಿಯೇ ಅಂತಿಮ.

ಗಡಿಯಾರದ ಲೆಕ್ಕ ತಪ್ಪದಿರಲಿ

ವಿದೇಶಕ್ಕೆ ಹೋದವರು ಮೊದಲು ಎಡವುವುದು ಇಲ್ಲೇ. ಫೆಬ್ರವರಿಯ ಒಂದು ಭಾನುವಾರ ಭಾರತದಲ್ಲಿ ಸಂಜೆ 4 ಗಂಟೆಗೆ ಓಟ ಇದೆ ಎಂದಿಟ್ಟುಕೊಳ್ಳಿ. ಆಗ ಬೇರೆ ನಗರಗಳಲ್ಲಿ ಸಮಯ ಹೀಗಿರುತ್ತದೆ:

ದುಬೈ: ಮಧ್ಯಾಹ್ನ 2.30
ಲಂಡನ್: ಬೆಳಗ್ಗೆ 10.30
ನ್ಯೂಯಾರ್ಕ್: ಬೆಳಗಿನ ಜಾವ 5.30
ಸ್ಯಾನ್ ಫ್ರಾನ್ಸಿಸ್ಕೊ: ನಡುರಾತ್ರಿ ಕಳೆದು 2.30
ಸಿಂಗಾಪುರ: ಸಂಜೆ 6.30
ಸಿಡ್ನಿ: ರಾತ್ರಿ 9.30

ಅಂದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವವರು ಭಾನುವಾರದ ರೇಸ್ ನೋಡಲು ಶನಿವಾರ ರಾತ್ರಿಯೇ ಅಲಾರಂ ಇಟ್ಟು ಮಲಗಬೇಕು.

ಇದೇ 4 ಗಂಟೆಯ ಓಟ ಜುಲೈನಲ್ಲಿ ನಡೆದರೆ ಲೆಕ್ಕ ಬದಲಾಗುತ್ತದೆ. ಬೇಸಿಗೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತವೆ. ಆಗ ಲಂಡನ್‌ನಲ್ಲಿ ಬೆಳಗ್ಗೆ 11.30, ನ್ಯೂಯಾರ್ಕ್‌ನಲ್ಲಿ 6.30. ಆಸ್ಟ್ರೇಲಿಯಾಕ್ಕೆ ಅದು ಚಳಿಗಾಲ, ಹಾಗಾಗಿ ಸಿಡ್ನಿಯಲ್ಲಿ ರಾತ್ರಿ 8.30. ಭಾರತ, ದುಬೈ, ಸಿಂಗಾಪುರಗಳಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಮಾರ್ಚ್, ಏಪ್ರಿಲ್, ಅಕ್ಟೋಬರ್, ನವೆಂಬರ್‌ನಲ್ಲಿ ಪ್ರಯಾಣ ಮಾಡುವವರು ಈ ಬದಲಾವಣೆಯ ಮೇಲೆ ಕಣ್ಣಿಡಬೇಕು. ಫೋನ್‌ನ ವರ್ಲ್ಡ್ ಕ್ಲಾಕ್‌ಗೆ ಮುಂಬೈ ಅಥವಾ ಕೋಲ್ಕತ್ತಾ ಸೇರಿಸಿಕೊಂಡರೆ ಗೊಂದಲ ಇರುವುದಿಲ್ಲ.

ಏನು ಓದಬೇಕು, ಎಲ್ಲಿ ನೋಡಬೇಕು?

ಮೈದಾನಕ್ಕೆ ಹೋದವರಿಗೆ ಪ್ಯಾಡಕ್‌ನಲ್ಲಿ ಕುದುರೆಯ ಮೈಕಟ್ಟು, ನಡಿಗೆ ಕಾಣುತ್ತದೆ. ದೂರದಲ್ಲಿ ಕುಳಿತವರಿಗೆ ಆ ಅನುಕೂಲ ಇಲ್ಲ. ಅದರ ಕೊರತೆ ತುಂಬಿಕೊಳ್ಳಲು ಓದಬೇಕು.

ಮೊದಲನೆಯದು ರೇಸ್ ಕಾರ್ಡ್. ಕುದುರೆಯ ಹಿಂದಿನ ಓಟಗಳು, ಹೊರುವ ತೂಕ, ಜಾಕಿ, ಟ್ರೈನರ್, ಗೇಟ್ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಹ್ಯಾಂಡಿಕ್ಯಾಪ್ ರೇಸ್‌ನಲ್ಲಿ ಹೆಚ್ಚು ರೇಟಿಂಗ್ ಇರುವ ಕುದುರೆಗೆ ಹೆಚ್ಚು ತೂಕ. ಹಾಗಾಗಿ ಕಳೆದ ಬಾರಿ ಗೆದ್ದ ಕುದುರೆ ಈ ಬಾರಿ ಎಷ್ಟು ಭಾರ ಹೊತ್ತು ಓಡುತ್ತಿದೆ ಎಂಬುದು ಮುಖ್ಯ. ಡರ್ಬಿಯ ಲೆಕ್ಕ ಬೇರೆ. ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳ 2,400 ಮೀಟರ್ ಓಟ, ಅಲ್ಲಿ ರೇಟಿಂಗ್ ನೋಡಿ ತೂಕ ಹೊರಿಸುವುದಿಲ್ಲ.

ಎರಡನೆಯದು ಟ್ರ್ಯಾಕ್ ವರ್ಕ್ ವರದಿ. ಬೆಳಗಿನ ಅಭ್ಯಾಸದಲ್ಲಿ ಯಾವ ಕುದುರೆ 1,000 ಮೀಟರ್, 600 ಮೀಟರ್ ದೂರವನ್ನು ಎಷ್ಟು ಹೊತ್ತಿನಲ್ಲಿ ಓಡಿತು ಎಂಬ ವಿವರವನ್ನು ಕೆಲವು ಇಂಗ್ಲಿಷ್ ಪತ್ರಿಕೆಗಳು ಇಂದಿಗೂ ಪ್ರಕಟಿಸುತ್ತವೆ. ಅವುಗಳ ವೆಬ್ ಆವೃತ್ತಿ ಎಲ್ಲಿದ್ದರೂ ತೆರೆಯುತ್ತದೆ.

ಮೂರನೆಯದು ರೇಸ್ ದಿನದ ಬದಲಾವಣೆಗಳು. ಕೊನೆ ಗಳಿಗೆಯಲ್ಲಿ ಕುದುರೆ ಹಿಂದೆ ಸರಿಯಬಹುದು, ಜಾಕಿ ಬದಲಾಗಬಹುದು. ಟ್ರ್ಯಾಕ್ ಎಷ್ಟು ಮೆತ್ತಗಿದೆ ಎಂದು ತಿಳಿಸುವ ಪೆನೆಟ್ರೋಮೀಟರ್ ರೀಡಿಂಗ್ ಕೂಡ ಅಂದೇ ಬರುತ್ತದೆ. ಮಳೆ ಸೀಸನ್‌ನ ಪುಣೆ, ಹೈದರಾಬಾದ್ ರೇಸ್‌ಗಳಲ್ಲಿ ಈ ಅಂಕಿಯೊಂದೇ ಇಡೀ ಲೆಕ್ಕಾಚಾರ ಬದಲಿಸಬಲ್ಲದು.

ನೇರ ಪ್ರಸಾರ ನೋಡುವವರು ಎರಡು ಸಂಗತಿ ನೆನಪಿಡಬೇಕು. ಒಂದು, ಇಂಟರ್ನೆಟ್ ವಿಡಿಯೊ ನಿಜವಾದ ಓಟಕ್ಕಿಂತ ಕೆಲವು ಸೆಕೆಂಡ್ ಹಿಂದೆ ಇರುತ್ತದೆ. ಊರಿನ ವಾಟ್ಸ್‌ಆ್ಯಪ್ ಗ್ರೂಪ್ ತೆರೆದಿಟ್ಟುಕೊಂಡೇ ವಿಡಿಯೊ ನೋಡಿದರೆ ಕುದುರೆ ಕೊನೆಯ ತಿರುವಿಗೆ ಬರುವ ಮೊದಲೇ ಗೆದ್ದವರ ಹೆಸರು ಬಂದುಬಿಡುತ್ತದೆ. ಎರಡು, ಲಾಗಿನ್‌ಗೆ ಒಟಿಪಿ ಕೇಳುವ ತಾಣವಾದರೆ ಭಾರತದ ಸಿಮ್ ಚಾಲೂ ಇರಬೇಕು. ಹೊರಡುವ ಮುನ್ನವೇ ರೋಮಿಂಗ್ ಹಾಕಿಸಿಕೊಳ್ಳುವುದು ಒಳ್ಳೆಯದು. ರಾತ್ರಿ ನಿದ್ದೆ ಬಿಡಲಾಗದವರು ಬೆಳಗ್ಗೆ ಎದ್ದು ಮರುಪ್ರಸಾರದ ವಿಡಿಯೊ ನೋಡಬಹುದು.

ಮೊದಲು ಬಂದ ಫಲಿತಾಂಶವೇ ಕೊನೆಯದಲ್ಲ

ಗೆಲುವಿನ ಗೆರೆ ದಾಟಿದ ತಕ್ಷಣ ರೇಸ್ ಮುಗಿಯುವುದಿಲ್ಲ. ಜಾಕಿ ವಾಪಸ್ ಬಂದು ತೂಕ ಕೊಡಬೇಕು. ತೂಕ ಕಡಿಮೆ ಬಂದರೆ ಕುದುರೆ ಅನರ್ಹ. ಇನ್ನೊಂದು ಕುದುರೆಗೆ ಅಡ್ಡ ಬಂದಿದ್ದರೆ ಎದುರಾಳಿ ಕಡೆಯವರು ಆಬ್ಜೆಕ್ಷನ್ ಹಾಕಬಹುದು, ಸ್ಟೀವರ್ಡ್‌ಗಳೇ ವಿಚಾರಣೆ ನಡೆಸಬಹುದು. ಎರಡು ಕುದುರೆ ಒಟ್ಟಿಗೆ ಬಂದರೆ ಫೋಟೊ ಫಿನಿಶ್. ಇವೆಲ್ಲ ಮುಗಿದು ಅಧಿಕೃತ ಘೋಷಣೆ ಬಂದ ಮೇಲೆಯೇ ಟೋಟ್‌ನಲ್ಲಿ ಹಣ ಪಾವತಿ. ಮೈದಾನದಲ್ಲಿದ್ದವರಿಗೆ ಈ ಘೋಷಣೆ ಕೇಳಿಸುತ್ತದೆ. ವಿದೇಶದಲ್ಲಿರುವವರಿಗೆ ಫಾರ್ವರ್ಡ್ ಆದ ಮೆಸೇಜ್ ಮಾತ್ರ ಕಾಣುತ್ತದೆ. ಹಾಗಾಗಿ ಕ್ಲಬ್ ಹಾಕುವ ಫಲಿತಾಂಶ ನೋಡುವವರೆಗೆ ಸಂಭ್ರಮವೂ ಬೇಡ, ಬೇಸರವೂ ಬೇಡ.

ಬೆಟ್ ಕಟ್ಟಬಹುದೇ? ಭಾರತದ ಕಾನೂನು ಏನು ಹೇಳುತ್ತದೆ?

ಕುದುರೆ ರೇಸ್ ಕೌಶಲ್ಯದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಇದನ್ನೇ ಹಿಡಿದುಕೊಂಡು 'ರೇಸ್ ಬೆಟ್ಟಿಂಗ್ ಎಲ್ಲಿ ಮಾಡಿದರೂ ಕಾನೂನುಬದ್ಧ' ಎಂದುಕೊಳ್ಳುವವರು ಬಹಳ ಮಂದಿ. ಅದು ಸರಿಯಲ್ಲ. ರಾಜ್ಯಗಳ ಜೂಜು ತಡೆ ಕಾನೂನುಗಳಲ್ಲಿ ರೇಸ್‌ಗೆ ಇರುವ ವಿನಾಯಿತಿ ಸಾಮಾನ್ಯವಾಗಿ ಮೈದಾನದ ಆವರಣಕ್ಕೆ, ಪರವಾನಗಿ ಪಡೆದ ಬುಕ್‌ಮೇಕರ್ ಮತ್ತು ಟೋಟ್‌ಗೆ ಸೀಮಿತ. ಫೋನ್‌ನಲ್ಲಿ ಬೆಟ್ ತೆಗೆದುಕೊಳ್ಳುವ ಗಲ್ಲಿಯ ಬುಕ್ಕಿ ಈ ವಿನಾಯಿತಿಯ ಹೊರಗೆ.

ಇದರ ಜೊತೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಗೀಕರಿಸಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು, ಕೌಶಲ್ಯದ್ದೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ ಈ ಕಾಯ್ದೆ ನಿಷೇಧಿಸುತ್ತದೆ. ಅಂಥ ಆಟಗಳಿಗೆ ಬ್ಯಾಂಕ್‌ಗಳು ಹಣ ಪಾವತಿ ಮಾಡಿಕೊಡುವಂತಿಲ್ಲ. ಕಾಯ್ದೆಯನ್ನು ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಆದರೆ 'ನಮ್ಮದು ರೇಸ್ ಆ್ಯಪ್, ಎಲ್ಲವೂ ಲೀಗಲ್' ಎಂಬ ಜಾಹೀರಾತು ನಂಬಿ ಹಣ ಹಾಕುವ ಕಾಲ ಇದಲ್ಲ.

ಮೈದಾನದ ಬೆಟ್ಟಿಂಗ್ ಕೂಡ ದುಬಾರಿಯಾಗಿದೆ. 2023ರ ಅಕ್ಟೋಬರ್ 1ರಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇ 28ರಷ್ಟು ಜಿಎಸ್‌ಟಿ ಜಾರಿಯಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಗೆಲುವಿನ ಮೇಲೆ ಶೇ 30 ಆದಾಯ ತೆರಿಗೆ ಬೇರೆ. ಅಕ್ರಮ ಬುಕ್ಕಿಗಳು 'ತೆರಿಗೆ ಇಲ್ಲ, ಮನೆಯಿಂದಲೇ ಕಟ್ಟಿ' ಎಂದು ಸೆಳೆಯುವುದು ಇದೇ ಕಾರಣಕ್ಕೆ. ವಿದೇಶದಲ್ಲಿ ಕುಳಿತು, ಕೌಂಟರ್‌ಗೆ ಹೋಗಲಾಗದೆ ಚಡಪಡಿಸುವವರು ಅವರಿಗೆ ಸುಲಭದ ಗಿರಾಕಿ. ಆ ಬುಕ್ಕಿ ಹಣ ಕೊಡದೆ ಕೈ ಎತ್ತಿದರೆ ದೂರು ಕೊಡಲು ರಸೀದಿಯೂ ಇರುವುದಿಲ್ಲ.

ನೀವಿರುವ ದೇಶದ ಕಾನೂನು ಇನ್ನೂ ಕಠಿಣವಿರಬಹುದು

ಯುಎಇ: ದುಬೈ ವರ್ಲ್ಡ್ ಕಪ್ ನಡೆಯುವ ಮೇಡಾನ್ ಮೈದಾನದಲ್ಲೇ ಬೆಟ್ಟಿಂಗ್ ಕೌಂಟರ್ ಇಲ್ಲ. ಪರವಾನಗಿ ಇಲ್ಲದ ಜೂಜು ಅಲ್ಲಿ ಅಪರಾಧ. ಅಪರಾಧ ಎಸಗಲು ಅಥವಾ ಅದನ್ನು ಮುಚ್ಚಿಡಲು ವಿಪಿಎನ್ ಬಳಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಜೈಲು ಅಥವಾ ಎರಡೂ. 'ವಿಪಿಎನ್ ಹಾಕಿ ಭಾರತದಲ್ಲಿದ್ದಂತೆ ತೋರಿಸಿ ಬೆಟ್ ಕಟ್ಟು' ಎಂಬ ಸಲಹೆ ಕೊಡುವ ಗೆಳೆಯರು ಈ ದಂಡ ಕಟ್ಟಲು ಬರುವುದಿಲ್ಲ.

ಸಿಂಗಾಪುರ: ಇಲ್ಲಿನ ಟರ್ಫ್ ಕ್ಲಬ್ 2024ರ ಅಕ್ಟೋಬರ್ 5ರಂದು ಕೊನೆಯ ರೇಸ್ ನಡೆಸಿ ಬಾಗಿಲು ಹಾಕಿತು. ಪರವಾನಗಿ ಇಲ್ಲದ ಸಂಸ್ಥೆಯಲ್ಲಿ ಜೂಜಾಡಿದವರಿಗೆ 10,000 ಸಿಂಗಾಪುರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ವಿಧಿಸಲು ಅಲ್ಲಿನ 2022ರ ಕಾನೂನಿನಲ್ಲಿ ಅವಕಾಶ ಇದೆ.

ಬ್ರಿಟನ್, ಅಮೆರಿಕ: ಬ್ರಿಟನ್‌ನಲ್ಲಿ 18 ತುಂಬಿದವರು ಪರವಾನಗಿ ಇರುವ ಬುಕ್‌ಮೇಕರ್ ಬಳಿ ಬೆಟ್ ಕಟ್ಟಬಹುದು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ.

ಬರೀ ಓಟ ನೋಡಲು, ಫಲಿತಾಂಶ ಓದಲು ಈ ತೊಡಕು ಯಾವುದೂ ಇಲ್ಲ.

ಗೆದ್ದ ಹಣ ವಿದೇಶಕ್ಕೆ ತರಿಸಿಕೊಳ್ಳಬಹುದೇ?

ಇಲ್ಲ. ಬಹಳ ಎನ್‌ಆರ್‌ಐಗಳಿಗೆ ಗೊತ್ತಿಲ್ಲದ ಸಂಗತಿ ಇದು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ ಅಡಿಯ 2000ದ ನಿಯಮಗಳಲ್ಲಿ ವಿದೇಶಕ್ಕೆ ಕಳುಹಿಸಲೇಬಾರದ ಹಣದ ಪಟ್ಟಿ ಇದೆ. ಲಾಟರಿ ಗೆಲುವಿನ ಜೊತೆಗೆ ರೇಸಿಂಗ್, ರೈಡಿಂಗ್ ಅಥವಾ ಇನ್ನಾವುದೇ ಹವ್ಯಾಸದಿಂದ ಬಂದ ಆದಾಯವೂ ಆ ಪಟ್ಟಿಯಲ್ಲಿದೆ. ರಜೆಗೆ ಊರಿಗೆ ಬಂದಾಗ ಮೈದಾನದಲ್ಲಿ, ತೆರಿಗೆ ಕಟ್ಟಿಯೇ ಜಾಕ್‌ಪಾಟ್ ಹೊಡೆದರೂ ಆ ಹಣ ಭಾರತದಲ್ಲೇ ಉಳಿಯಬೇಕು.

ಇಲ್ಲಿಂದ ಹೊರಗೆ ಹೋಗುವ ಹಣಕ್ಕೂ ತಡೆ ಇದೆ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಮುಂತಾದವುಗಳಿಗೆ ಭಾರತದಿಂದ ಹಣ ಕಳುಹಿಸುವುದನ್ನು ಅದೇ ಪಟ್ಟಿ ನಿಷೇಧಿಸುತ್ತದೆ. ವಿದೇಶಿ ಬೆಟ್ಟಿಂಗ್ ತಾಣದ ಖಾತೆಗೆ ಭಾರತದ ಕಾರ್ಡ್‌ನಿಂದ ಹಣ ತುಂಬಲು ಹೋಗಿ ಸಿಕ್ಕಿಬಿದ್ದವರು ಬ್ಯಾಂಕ್ ಬ್ಲಾಕ್ ಮಾಡಿತು ಎಂದು ದೂರುವುದರಲ್ಲಿ ಅರ್ಥವಿಲ್ಲ. ಫೆಮಾ ಉಲ್ಲಂಘನೆಗೆ ಸಂಬಂಧಿಸಿದ ಮೊತ್ತದ ಮೂರು ಪಟ್ಟಿನವರೆಗೂ ದಂಡ ಹಾಕಬಹುದು.

ಹಾಗಾದರೆ ಊರಿನ ಗೆಳೆಯನಿಗೆ ಹೇಳಿ ಕೌಂಟರ್‌ನಲ್ಲಿ ಕಟ್ಟಿಸಿದರೆ? ಟಿಕೆಟ್ ಗೆಳೆಯನ ಕೈಯಲ್ಲಿ, ಗೆಲುವಿನ ತೆರಿಗೆ ಕಡಿತ ಗೆಳೆಯನ ಪ್ಯಾನ್ ಸಂಖ್ಯೆಗೆ, ಆದಾಯವೂ ದಾಖಲೆಯಲ್ಲಿ ಅವನದೇ. ಸಣ್ಣ ಮೊತ್ತಕ್ಕೆ ಯಾರೂ ತಲೆಕೆಡಿಸಿಕೊಳ್ಳದೇ ಇರಬಹುದು. ದೊಡ್ಡ ಮೊತ್ತ ಬಂದ ದಿನ ಸ್ನೇಹಕ್ಕೂ ಲೆಕ್ಕಕ್ಕೂ ಜಗಳ ಹತ್ತುತ್ತದೆ. ಜೊತೆಗೆ ಹಾಗೆ ಕಟ್ಟಿಸುವುದನ್ನೂ ನೀವಿರುವ ದೇಶ ಜೂಜು ಎಂದೇ ನೋಡಬಹುದು.

ಹೊರಡುವ ಮುನ್ನ ಇಷ್ಟು ಮಾಡಿ

* ನಿಮ್ಮ ಮೆಚ್ಚಿನ ಕ್ಲಬ್‌ನ ರೇಸ್ ದಿನಗಳನ್ನು ಫೋನ್ ಕ್ಯಾಲೆಂಡರ್‌ಗೆ ಭಾರತೀಯ ಕಾಲಮಾನದಲ್ಲೇ ಹಾಕಿ. ಸ್ಥಳೀಯ ಸಮಯಕ್ಕೆ ಫೋನ್ ತಾನೇ ಹೊಂದಿಸಿಕೊಳ್ಳುತ್ತದೆ.
* ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿ.
* ರೇಸ್ ಟಿಪ್ಸ್ ಕೊಡುವುದಾಗಿ ಹಣ ಕೇಳುವ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗ್ರೂಪ್‌ಗಳಿಂದ ಹೊರಬನ್ನಿ.
* ಬೆಟ್ಟಿಂಗ್ ಆ್ಯಪ್‌ಗಳು ಫೋನ್‌ನಲ್ಲಿದ್ದರೆ, ಅದರಲ್ಲೂ ಕೊಲ್ಲಿ ದೇಶಗಳಿಗೆ ಹೋಗುವವರಾದರೆ, ವಿಮಾನ ಹತ್ತುವ ಮೊದಲೇ ತೆಗೆದುಹಾಕಿ.

ದೂರದ ಊರಿನಲ್ಲಿ ಕುಳಿತು ಬೆಟ್ ಇಲ್ಲದೆ ರೇಸ್ ನೋಡಿದರೆ ಏನು ಸ್ವಾರಸ್ಯ ಎಂದು ಕೇಳುವವರಿದ್ದಾರೆ. ರೇಸ್ ಕಾರ್ಡ್ ಓದಿ, ಕಾಗದದ ಮೇಲೆ ಆಯ್ಕೆ ಬರೆದಿಟ್ಟು, ಸೀಸನ್ ಮುಗಿದ ಮೇಲೆ ಎಷ್ಟು ಸರಿ, ಎಷ್ಟು ತಪ್ಪು ಎಂದು ಲೆಕ್ಕ ಹಾಕಿ ನೋಡಿ. ಕುದುರೆಯ ಬಗ್ಗೆ ತಮಗೆ ನಿಜಕ್ಕೂ ಎಷ್ಟು ಗೊತ್ತಿದೆ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಮುಂದಿನ ಸೀಸನ್‌ಗೆ ಊರಿಗೆ ಮರಳಿದಾಗ ಕೌಂಟರ್ ಮುಂದೆ ನಿಲ್ಲಬೇಕೇ ಬೇಡವೇ ಎಂದು ತೀರ್ಮಾನಿಸಲು ಆ ಹಾಳೆ ಸಾಕು.