ದೂರದ ಹಿಮಶಿಖರ ನುಣ್ಣಗೆ



'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಅಜ್ಜಿಯ ಬಾಯಿಂದ ನೀವು ಕೇಳಿಯೇ ಇರುತ್ತೀರಿ. ಹಿಮಾಲಯದ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಶಿಖರದ ಬಳಿ ಹೋದರೆ ಕಾಣುವುದು ಬಿರುಕು, ಕಲ್ಲು, ಕಾಲಡಿ ಕುಸಿಯುವ ಸಡಿಲ ಹಿಮ. ಮುಂಬಯಿ, ಪುಣೆಗಳ ನಮ್ಮ ಮಕ್ಕಳಲ್ಲಿ ಸಹ್ಯಾದ್ರಿಯ ಕೋಟೆಗಳನ್ನು ಹತ್ತಿಳಿದವರು ಅನೇಕರಿದ್ದಾರೆ. ಕಳಸೂಬಾಯಿ ಹತ್ತಿದ ಮೇಲೆ ಇನ್ನು ಹಿಮಾಲಯವೇ ಎಂಬ ಆಸೆ ಹುಟ್ಟುವುದು ಸಹಜ. ಅಂಥವರಿಗಾಗಿ ಇಲ್ಲಿ ಒಂದು ಶಿಖರದ ವಿಚಾರ ಹೇಳುತ್ತೇನೆ.

ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ 'ದ್ರೌಪದಿ ಕಾ ಡಾಂಡಾ' ಎಂಬ ಪರ್ವತವಿದೆ. ಡಾಂಡಾ ಎಂದರೆ ಬೆಟ್ಟದ ಏಣು. ಪಾಂಡವರ ಮಹಾಪ್ರಸ್ಥಾನದಲ್ಲಿ ಎಲ್ಲರಿಗಿಂತ ಮೊದಲು ಕುಸಿದವಳು ದ್ರೌಪದಿ ಎಂಬುದು ನಿಮಗೆ ನೆನಪಿರಬಹುದು. ಈ ಪರ್ವತದ ಎರಡನೆಯ ಶಿಖರದ ಎತ್ತರ 5,670 ಮೀಟರ್, ಅಂದರೆ ಕಳಸೂಬಾಯಿಯ ಮೂರು ಪಟ್ಟಿಗೂ ಹೆಚ್ಚು. ಗಂಗೋತ್ರಿ ರಸ್ತೆಯ ಭುಕ್ಕಿ ಗ್ರಾಮದಿಂದ ಕಾಲುದಾರಿ ಹಿಡಿದು, ಕಾಡು ಮತ್ತು ಹುಲ್ಲುಗಾವಲುಗಳನ್ನು ದಾಟಿದರೆ ಡೋಕ್ರಿಯಾನಿ ಹಿಮನದಿ ಎದುರಾಗುತ್ತದೆ. ಇದರ ಉದ್ದ ಸುಮಾರು 5 ಕಿಲೋಮೀಟರ್. ಇಲ್ಲಿ ಕರಗಿದ ನೀರು ದೀನ್ ಗಾಡ್ ಎಂಬ ತೊರೆಯಾಗಿ ಹರಿದು ಭಾಗೀರಥಿಯನ್ನು ಸೇರುತ್ತದೆ.

ಪಾಠಶಾಲೆಯಾದ ಪರ್ವತ

1965ರಲ್ಲಿ ಸ್ಥಾಪನೆಯಾದ ನೆಹರೂ ಪರ್ವತಾರೋಹಣ ಸಂಸ್ಥೆ ಇರುವುದು ಉತ್ತರಕಾಶಿಯಲ್ಲೇ. 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ತರಬೇತಿ ಪಡೆದದ್ದು ಇಲ್ಲಿ. ಡೋಕ್ರಿಯಾನಿ ಕಣಿವೆ ಈ ಸಂಸ್ಥೆಯ ಎಷ್ಟೋ ತಂಡಗಳಿಗೆ ಪಾಠಶಾಲೆಯಾಗಿದೆ.

ಹಿಮನದಿಯ ಮೇಲೆ ಮೊದಲು ಕಲಿಸುವುದು ಹತ್ತುವುದನ್ನಲ್ಲ, ಬಿದ್ದಾಗ ನಿಲ್ಲುವುದನ್ನು. ಇಳಿಜಾರಿನಲ್ಲಿ ಬೇಕೆಂದೇ ಜಾರಿ, ಐಸ್ ಆಕ್ಸಿನ ಮೊನೆಯನ್ನು ಹಿಮಕ್ಕೆ ಒತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಲ್ಲಬೇಕು. ಕೈಗೆ ರೂಢಿಯಾಗುವ ತನಕ ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಹಿಮಬಿರುಕುಗಳ ಮೇಲೆ ಹೊಸ ಹಿಮ ಬಿದ್ದು ಸೇತುವೆ ಕಟ್ಟಿರುತ್ತದೆ. ಮೇಲಿಂದ ನೋಡಿದರೆ ನೆಲವೇ, ಕಾಲಿಟ್ಟರೆ ಪಾತಾಳ. ಆದ್ದರಿಂದ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ನಡುವೆ ಅಂತರ ಬಿಟ್ಟು ನಡೆಯುತ್ತಾರೆ. ಒಬ್ಬ ಬಿದ್ದರೆ ಉಳಿದವರು ಹಿಡಿಯಬೇಕು. ಆ ಹಗ್ಗದಲ್ಲಿ 'ನಾನು' ಎಂಬ ಮಾತಿಗೆ ಜಾಗವಿಲ್ಲ.

ಶಿಖರಕ್ಕೆ ಹೊರಡುವುದು ನಡುರಾತ್ರಿಯ ಹೊತ್ತಿಗೆ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ, ಬೂಟಿಗೆ ಕಟ್ಟಿದ ಕ್ರ್ಯಾಂಪಾನಿನ ಮುಳ್ಳು ಚೆನ್ನಾಗಿ ಕಚ್ಚುತ್ತದೆ. ಬಿಸಿಲೇರಿದರೆ ಅದೇ ಹಿಮ ಮೆತ್ತಗಾಗಿ, ಸೇತುವೆಗಳು ಬಲ ಕಳೆದುಕೊಂಡು, ಮೇಲಿನ ಕಲ್ಲುಗಳು ಸಡಿಲಾಗುತ್ತವೆ.

ತಾಳಿದವನು ಬಾಳಿಯಾನು

5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧ. ಒಂದೊಂದು ಉಸಿರಿನಲ್ಲೂ ದೊರೆಯುವ ಆಮ್ಲಜನಕ ಅರ್ಧದಷ್ಟೇ. ಕಡಲ ತೀರದಲ್ಲಿ ಬೆಳೆದ ನಮ್ಮ ದೇಹಕ್ಕೆ ಇದು ಅಭ್ಯಾಸವಾಗಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎನ್ನುತ್ತಾರೆ ವೈದ್ಯರು. ತಲೆನೋವು, ವಾಕರಿಕೆ ಬಂದರೆ ಮುಚ್ಚಿಡದೆ ಹೇಳಬೇಕು, ಕಡಿಮೆಯಾಗುವ ತನಕ ಮೇಲೇರಬಾರದು. ಸುಮ್ಮನೆ ಕುಳಿತಾಗಲೂ ಏದುಸಿರು ಬರುತ್ತಿದ್ದರೆ, ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ ಕೂಡಲೇ ಕೆಳಗಿಳಿಸಬೇಕು. ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುತ್ತಿರುವ ಲಕ್ಷಣವದು. ನಿಮ್ಮ ತೋಳ್ಬಲ ಇಲ್ಲಿ ಲೆಕ್ಕಕ್ಕಿಲ್ಲ. ಜಿಮ್ಮಿನಲ್ಲಿ ಮೈ ಬೆಳೆಸಿದವನನ್ನೂ ಈ ಕಾಯಿಲೆ ಬಿಡುವುದಿಲ್ಲ.

ಅಕ್ಟೋಬರ್ 4, 2022

ಇಷ್ಟೆಲ್ಲ ಕಲಿತರೆ ಅಪಾಯವಿಲ್ಲವೇ ಎಂದು ನೀವು ಕೇಳಬಹುದು. ಇದೆ. 2022ರ ಅಕ್ಟೋಬರ್ 4ರ ಬೆಳಿಗ್ಗೆ ಇದೇ ದ್ರೌಪದಿ ಕಾ ಡಾಂಡಾದ ಶಿಖರದ ಸಮೀಪ ಹಿಮರಾಶಿ ಕುಸಿಯಿತು. ಸಂಸ್ಥೆಯ ಉನ್ನತ ತರಬೇತಿಯ ತಂಡ ಅದಕ್ಕೆ ಸಿಲುಕಿತು. 27 ಮಂದಿಯ ದೇಹಗಳು ದೊರೆತವು, ಇಬ್ಬರು ಪತ್ತೆಯಾಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕೇವಲ 16 ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಶಿಖರಗಳನ್ನು ಏರಿದ್ದ ತರಬೇತುದಾರ್ತಿ ಸವಿತಾ ಕನ್ಸ್ವಾಲ್ ಕೂಡ ಬದುಕಲಿಲ್ಲ.

ಹತ್ತುವವರು ದಡ್ಡರಾಗಿದ್ದರಿಂದ ಈ ಸಾವುಗಳು ಬಂದವು ಎನ್ನಲಾಗದು. ಅವರು ಕಲಿತವರು, ಕಲಿಸುವವರು ಆಗಿದ್ದರು. ತರಬೇತಿ ಎಂಬುದು ತಾಯಿತವಲ್ಲ. ಅದು ಅಪಾಯವನ್ನು ಕಡಿಮೆ ಮಾಡೀತು, ಇಲ್ಲವಾಗಿಸದು. 30ರಿಂದ 45 ಡಿಗ್ರಿ ಇಳಿಜಾರಿನ ಮೇಲೆ ಹೊಸ ಹಿಮ ಬಿದ್ದಿದ್ದರೆ ಪದರವೇ ಕಳಚಿ ಜಾರಬಹುದು. ಹಿಮದಡಿ ಹೂತವರು ಸುಮಾರು 15 ನಿಮಿಷಗಳೊಳಗೆ ಹೊರಬರದಿದ್ದರೆ ಬದುಕುವ ಆಸೆ ಬೇಗ ಬೇಗ ಕ್ಷೀಣಿಸುತ್ತದೆ. ಅಷ್ಟರಲ್ಲಿ ನೆರವಿಗೆ ಬರಬಲ್ಲವರು ಪಕ್ಕದಲ್ಲಿರುವ ಸಂಗಾತಿಗಳು ಮಾತ್ರ.

ಹೊರಡುವ ಮುನ್ನ

ಹಾಗಾದರೆ ಹೋಗಲೇಬಾರದೇ? ಹೋಗಿ, ಆದರೆ ಕ್ರಮವಾಗಿ ಹೋಗಿ. ಮೊದಲು ಉತ್ತರಕಾಶಿಯಲ್ಲೋ, 1954ರಲ್ಲಿ ಆರಂಭವಾದ ಡಾರ್ಜಿಲಿಂಗಿನ ಸಂಸ್ಥೆಯಲ್ಲೋ ಸುಮಾರು ನಾಲ್ಕು ವಾರಗಳ ಪ್ರಾಥಮಿಕ ತರಬೇತಿ ಮುಗಿಸಿ. ಸೀಟಿಗೆ ಪೈಪೋಟಿ ಹೆಚ್ಚು, ತಿಂಗಳುಗಳ ಮೊದಲೇ ಅರ್ಜಿ ಹಾಕಿ. ಅಲ್ಲಿಯ ತನಕ ನಿಮ್ಮ ಸಹ್ಯಾದ್ರಿಯೇ ಇದೆ, ಬೆನ್ನಿಗೆ ಭಾರ ಹೊತ್ತು ಹತ್ತುತ್ತಿರಿ. ಶಿಖರ ಏರಿಸಿಯೇ ಕಳಿಸುತ್ತೇವೆ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಹವಾಮಾನದ ಪರವಾಗಿ ಮಾತು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಅಪ್ಪ ಅಮ್ಮನಿಗೆ ಸುಳ್ಳು ಹೇಳಿ ಹೋಗಬೇಡಿ. ಯಾವ ದಾರಿ, ಯಾರ ಜೊತೆ, ಎಂದು ವಾಪಸು ಎಂಬುದನ್ನು ಕಾಗದದಲ್ಲಿ ಬರೆದು ಕೈಗೆ ಕೊಡಿ. ಶಿಖರಕ್ಕೆ ಹೊರಡುವ ರಾತ್ರಿ, ಇಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ಹಿಂದಿರುಗುತ್ತೇವೆ ಎಂದು ತಂಡದವರೆಲ್ಲ ಸೇರಿ ಮೊದಲೇ ಗೊತ್ತುಮಾಡಿಕೊಳ್ಳಿ. ಮೇಲೆ ಹೋದ ಮೇಲೆ ಆ ಗಂಟೆಯನ್ನು ಬದಲಿಸಬೇಡಿ. ತುದಿ ನೂರು ಹೆಜ್ಜೆ ದೂರದಲ್ಲಿ ಕಾಣುತ್ತಿರುವಾಗ ಬೆನ್ನು ತಿರುಗಿಸುವುದಕ್ಕೆ ಹತ್ತುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ಧೈರ್ಯ ನಿಮ್ಮಲ್ಲಿದೆ ಎನಿಸಿದ ದಿನ ಗಂಟುಮೂಟೆ ಕಟ್ಟಿರಿ. ಹೋಗಿ ಬನ್ನಿ.