ಹೀಟ್ ಎರಡು, ಲೇನ್ ಮೂರು: ಈಜು ತಂಡಕ್ಕೊಂದು ಪ್ಲಗಿನ್

ಜೂನ್ ತಿಂಗಳ ಶನಿವಾರ ಬೆಳಗ್ಗೆ ಅಮೆರಿಕದ ಬಡಾವಣೆಯೊಂದರ ಈಜುಕೊಳದ ಬಳಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮಕ್ಕಳ ತೋಳು. ಕಪ್ಪು ಮಾರ್ಕರ್ ಪೆನ್ನಿನಲ್ಲಿ ಒಂದೊಂದು ತೋಳಿನ ಮೇಲೂ ಅಂಕಿಗಳ ಸಾಲು: ಎಷ್ಟನೇ ಸ್ಪರ್ಧೆ, ಆ ಸ್ಪರ್ಧೆಯ ಎಷ್ಟನೇ ಹೀಟ್ (ಸರದಿ), ಯಾವ ಲೇನ್. ಆರು ವರ್ಷದ ಪೋರನ ಕೈಗೆ ಚೀಟಿ ಕೊಟ್ಟರೆ ಅದು ನೀರುಪಾಲಾಗುತ್ತದೆ, ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ತೋಳಾದರೆ ಜೊತೆಯಲ್ಲೇ ಇರುತ್ತದೆ. ಈ ಅಂಕಿಗಳು ತೋಳಿಗೆ ಬರುವ ಮುಂಚೆ ಯಾವುದೋ ಕಂಪ್ಯೂಟರಿನ ಡೇಟಾಬೇಸಿನಲ್ಲಿದ್ದವು. ಅದನ್ನು ನೋಡಿಕೊಳ್ಳುವವರು ಬಹಳ ಸಲ ಅದೇ ತಂಡದ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ.

ಇಂಥ ಬಡಾವಣೆ ತಂಡಗಳು ಸೆಣಸುವ ಬೇಸಿಗೆ ಲೀಗುಗಳನ್ನು ಸಣ್ಣಪುಟ್ಟ ವ್ಯವಹಾರವೆಂದು ತಿಳಿಯುವಂತಿಲ್ಲ. ವರ್ಜೀನಿಯಾದ ಉತ್ತರ ಭಾಗದ ಲೀಗ್ 1956ರಲ್ಲಿ ಹುಟ್ಟಿತು. ಇಂದು ಅದರಲ್ಲಿ ನೂರಕ್ಕೂ ಹೆಚ್ಚು ತಂಡಗಳಿವೆ. ಪಕ್ಕದ ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯ ಲೀಗಿನಲ್ಲಿ ಪ್ಯಾಲಿಸೇಡ್ಸ್ ಎಂಬ ಬಡಾವಣೆ ತಂಡದ ಪರವಾಗಿ ಈಜುತ್ತಿದ್ದ ಪುಟ್ಟ ಹುಡುಗಿಯೇ ಮುಂದೆ ಒಲಿಂಪಿಕ್ ಚಾಂಪಿಯನ್ ಆದ ಕೇಟಿ ಲೆಡೆಕಿ. ಆದರೂ ಈ ತಂಡಗಳಿಗೆ ಕಚೇರಿಯಿಲ್ಲ, ಗುಮಾಸ್ತರಿಲ್ಲ. ಸಂಬಳಕ್ಕಿರುವವರು ಕೋಚ್‌ಗಳು, ಅವರಲ್ಲೂ ಅನೇಕರು ರಜೆಗೆ ಊರಿಗೆ ಬಂದ ಕಾಲೇಜು ವಿದ್ಯಾರ್ಥಿಗಳು. ಸ್ಟಾಪ್‌ವಾಚ್ ಹಿಡಿಯುವುದು, ಮಕ್ಕಳನ್ನು ಸಾಲಾಗಿ ಕೂರಿಸುವುದು, ರಿಬ್ಬನ್ ಹಂಚುವುದು, ತಿಂಡಿ ಮಾರುವುದು, ಎಲ್ಲವೂ ತಂದೆತಾಯಿಯರ ಪಾಲು.

ಹಾಗಾಗಿ ಲೆಕ್ಕಪತ್ರವೂ ಅವರದೇ. ಸ್ಪರ್ಧೆಯ ದಿನದ ಕೆಲಸಕ್ಕೆ ಹೈ-ಟೆಕ್ ಹೆಸರಿನ ಸಾಫ್ಟ್‌ವೇರ್ ದಶಕಗಳಿಂದ ಇದೆ. ಅದರ ‘ಟೀಮ್ ಮ್ಯಾನೇಜರ್’ ತಂಡದ ಪಟ್ಟಿ ಇಟ್ಟುಕೊಳ್ಳುತ್ತದೆ, ‘ಮೀಟ್ ಮ್ಯಾನೇಜರ್’ ಹೀಟು, ಲೇನು, ಫಲಿತಾಂಶ ನೋಡಿಕೊಳ್ಳುತ್ತದೆ. ತೊಂದರೆಯೆಂದರೆ ಅದು ವಿಂಡೋಸ್ ಕಂಪ್ಯೂಟರಿನಲ್ಲಿ ಕೂತು ಮಾಡುವ ಕೆಲಸ. ‘ಮುಂದಿನ ಶನಿವಾರ ಅಜ್ಜಿ ಮನೆಗೆ ಹೋಗುತ್ತಿದ್ದೇವೆ, ಮಗಳು ಬರುವುದಿಲ್ಲ’ ಎಂದು ಒಬ್ಬ ತಾಯಿ ರಾತ್ರಿ ಹತ್ತಕ್ಕೆ ಆ ಲ್ಯಾಪ್‌ಟಾಪಿಗೆ ಹೇಳುವುದು ಹೇಗೆ? ಮೇಲ್ ಕಳಿಸಬೇಕು, ಅದನ್ನು ಯಾರೋ ಓದಿ ಪಟ್ಟಿಗೆ ಏರಿಸಬೇಕು. ನೂರೈವತ್ತು ಮಕ್ಕಳ ತಂಡದಲ್ಲಿ ವಾರಕ್ಕೆ ಇಂಥ ಮೇಲ್‌ಗಳು ಎಷ್ಟು ಬರಬಹುದೆಂದು ಊಹಿಸಿಕೊಳ್ಳಿ. ಈ ತೆರಪನ್ನು ತುಂಬಲೆಂದೇ ವೆಬ್‌ಸೈಟ್ ಪ್ಲಗಿನ್‌ಗಳು ಬಂದವು. ವರ್ಡ್‌ಪ್ರೆಸ್‌ಗಾಗಿ ಬರೆದ ‘ಸ್ವಿಮ್ ಟೀಮ್’ ಅವುಗಳಲ್ಲೊಂದು.

ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶವನ್ನು 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದರು. ಇಂದು ಜಗತ್ತಿನ ಪ್ರತಿ ಹತ್ತು ಜಾಲತಾಣಗಳಲ್ಲಿ ನಾಲ್ಕಕ್ಕೂ ಹೆಚ್ಚು ಅದರ ಮೇಲೆ ನಡೆಯುತ್ತವೆ. ಉಚಿತವಾದ್ದರಿಂದ ಬಡಾವಣೆ ತಂಡಗಳಿಗೂ ಒಗ್ಗುತ್ತದೆ. ಪ್ಲಗಿನ್ ಸೌಲಭ್ಯ ಬಂದದ್ದು ಮರುವರ್ಷ, 1.2ನೇ ಆವೃತ್ತಿಯಲ್ಲಿ. ಮನೆ ಕಟ್ಟುವವರು ಮುಂದೆ ಬೇಕಾದೀತೆಂದು ಗೋಡೆಗೆ ಅಲ್ಲಲ್ಲಿ ಗೂಟ ಹೊಡೆದಿಟ್ಟಂತೆ, ವರ್ಡ್‌ಪ್ರೆಸ್ ತನ್ನ ಕೆಲಸದ ನಡುವೆ ನೂರಾರು ಕಡೆ ಹೊರಗಿನವರಿಗೆ ಜಾಗ ಬಿಟ್ಟಿದೆ. ಪುಟ ತೆರೆಯುವಾಗ, ಸದಸ್ಯ ಲಾಗಿನ್ ಆಗುವಾಗ, ಮೆನು ಮೂಡುವಾಗ, ‘ಈಗ ನನ್ನ ಕೆಲಸವನ್ನೂ ಮಾಡು’ ಎಂದು ಪ್ಲಗಿನ್ ಅಲ್ಲಿ ತನ್ನ ಕೋಡನ್ನು ನೇತುಹಾಕುತ್ತದೆ. ಮೂಲ ತಂತ್ರಾಂಶವನ್ನು ತಿದ್ದಬೇಕಿಲ್ಲ. ಲಾಗಿನ್, ಪಾಸ್‌ವರ್ಡ್, ಮೇಲ್ ಕಳಿಸುವುದೆಲ್ಲ ವರ್ಡ್‌ಪ್ರೆಸ್‌ನದೇ. ಪ್ಲಗಿನ್ ಬರೆಯುವವರ ತಲೆನೋವು ಈಜು ಮಾತ್ರ.

(ಹಾಗೆಂದು ವರ್ಡ್‌ಪ್ರೆಸ್ ಕಾಡುವುದೇ ಇಲ್ಲವೆಂದಲ್ಲ. ಡೇಟಾಬೇಸಿನಲ್ಲಿ ಹೊಸ ಕೋಷ್ಟಕ ಕಟ್ಟಲು ಅದು ಕೊಡುವ ‘ಡಿಬಿಡೆಲ್ಟಾ’ ಎಂಬ ಸಾಧನಕ್ಕೆ ‘ಪ್ರೈಮರಿ ಕೀ’ ಎಂಬ ಪದಗಳ ನಂತರ ಎರಡು ಸ್ಪೇಸ್ ಇರಲೇಬೇಕು. ಅದರ ಅಧಿಕೃತ ದಾಖಲೆಯಲ್ಲೇ ಹೀಗೆ ಬರೆದಿದೆ. ಒಂದೇ ಸ್ಪೇಸ್ ಬಿಟ್ಟು ಅರ್ಧ ದಿನ ಕಳೆದುಕೊಂಡವರು ಬಹಳ.)

ಈಜಿನ ತಲೆನೋವು ಶುರುವಾಗುವುದು ವಯಸ್ಸಿನಿಂದ. ಸಾಮಾನ್ಯವಾಗಿ ಮಕ್ಕಳನ್ನು ಎಂಟು ಮತ್ತು ಅದರೊಳಗೆ, 9-10, 11-12, 13-14, 15-18 ಎಂದು ವಿಂಗಡಿಸುತ್ತಾರೆ. ವಯಸ್ಸನ್ನು ಲೆಕ್ಕ ಹಾಕುವುದು ಇಂದಿಗಲ್ಲ, ಲೀಗ್ ಗೊತ್ತುಮಾಡಿದ ಒಂದು ದಿನಕ್ಕೆ. ಹಲವು ಲೀಗುಗಳಲ್ಲಿ ಅದು ಜೂನ್ 1. 2016ರ ಜೂನ್ 1ರಂದು ಹುಟ್ಟಿದ ಮಗು 2025ರ ಬೇಸಿಗೆಯಲ್ಲಿ ಒಂಬತ್ತರ ಗುಂಪಿಗೆ ಸೇರಿತು. ಮರುದಿನ ಹುಟ್ಟಿದ ಮಗು ಇಡೀ ಬೇಸಿಗೆ ಎಂಟರವರ ಜೊತೆಗೇ ಉಳಿಯಿತು. ಎಂಟರೊಳಗಿನವರು ಕೊಳದ ಒಂದು ಉದ್ದ ಈಜಿದರೆ ಸಾಕು. ಮೇಲಿನ ಗುಂಪಿಗೆ ಹೋದರೆ ಹಲವು ಸ್ಪರ್ಧೆಗಳು ಎರಡು ಉದ್ದದವು. ಹೆತ್ತವರ ಪಾಲಿಗೆ ಆ ಒಂದು ದಿನ ಅಷ್ಟು ದೊಡ್ಡದು.

ಆದ್ದರಿಂದ ಪ್ಲಗಿನ್ ವಯಸ್ಸನ್ನು ಬರೆದಿಟ್ಟುಕೊಳ್ಳಬಾರದು. ಹುಟ್ಟಿದ ದಿನವನ್ನಿಟ್ಟುಕೊಂಡು, ಆಯಾ ಋತುವಿನ ಗಡುವಿನ ದಿನಕ್ಕೆ ತಕ್ಕಂತೆ ಪ್ರತಿ ಸಲವೂ ಲೆಕ್ಕ ಹಾಕಬೇಕು. ಗಡುವು ಕೋಡಿನೊಳಗೆ ಹುದುಗಿರದೆ ಸೆಟ್ಟಿಂಗ್ ಪುಟದಲ್ಲಿರಬೇಕು, ಏಕೆಂದರೆ ಪಕ್ಕದ ಕೌಂಟಿಯ ದಿನಾಂಕ ಬೇರೆ. ಅಷ್ಟಾದರೂ ಮುಗಿಯಲಿಲ್ಲ. ರಿಲೇಗೆ ಒಬ್ಬ ಕಡಿಮೆ ಬಿದ್ದರೆ ಎಂಟರ ಹುಡುಗನನ್ನು ಹತ್ತರವರ ಜೊತೆ ಇಳಿಸಲು ಅನುಮತಿಯಿದೆ; ಹತ್ತರವನನ್ನು ಕೆಳಗಿಳಿಸುವಂತಿಲ್ಲ. ಹಾಗಾದರೆ ಆ ಹುಡುಗ ಯಾವ ಗುಂಪಿನವನು? ಎರಡರವನೂ ಹೌದು. ‘ಒಂದು ಮಗುವಿಗೆ ಒಂದು ಗುಂಪು’ ಎಂದು ಕೋಷ್ಟಕ ಕಟ್ಟಿದವರು ಈ ಹಂತದಲ್ಲಿ ಅದನ್ನು ಒಡೆದು ಮತ್ತೆ ಕಟ್ಟುತ್ತಾರೆ. ‘ಒಂದು ಮಗುವಿಗೆ ಒಂದು ಮನೆ’ ಎಂದುಕೊಂಡವರ ಪಾಡೂ ಇದೇ: ಬೇರೆಯಾದ ತಂದೆತಾಯಿ, ಎರಡು ವಿಳಾಸ, ಇಬ್ಬರಿಗೂ ಸುದ್ದಿ ತಲುಪಬೇಕು.

ಕಾಲದ ಲೆಕ್ಕ ಇದಕ್ಕಿಂತ ಸುಲಭ, ಆದರೂ ಎಡವಿಸುತ್ತದೆ. ಈಜಿನ ಸಮಯವನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಬರೆಯುತ್ತಾರೆ. ಅದಕ್ಕಿಂತ ಸೂಕ್ಷ್ಮವಾಗಿ ಅಳೆಯುವುದನ್ನು ಜಗತ್ತು ಒಮ್ಮೆ ಮಾಡಿ ನೋಡಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ (ನಾಲ್ಕೂ ಶೈಲಿಯ ಈಜು) ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕೀ ಅವರನ್ನು ಸೋಲಿಸಿದ್ದು 0.002 ಸೆಕೆಂಡಿನಿಂದ. ಅಷ್ಟು ಹೊತ್ತಿನಲ್ಲಿ ಈಜುಗಾರ ಸಾಗುವ ದೂರ ಕೆಲವೇ ಮಿಲಿಮೀಟರ್. ಕೊಳ ಕಟ್ಟುವವರು ಎಲ್ಲ ಲೇನ್‌ಗಳನ್ನೂ ಅಷ್ಟು ಕರಾರುವಾಕ್ಕಾಗಿ ಕಟ್ಟಲಾರರು. ಆಮೇಲೆ ನಿಯಮ ನೂರನೇ ಭಾಗಕ್ಕೆ ಮರಳಿತು, ಅಲ್ಲಿ ಸಮವಾದರೆ ಇಬ್ಬರಿಗೂ ಪದಕ. ಪ್ಲಗಿನ್ ಬರೆಯುವ ಜಾಣರು 1:05.32 ಎಂಬುದನ್ನು 6532 ಎಂಬ ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತಾರೆ. ಅಕ್ಷರಗಳ ಸಾಲಾಗಿ ಇಟ್ಟರೆ 1:02.10 ತೆಗೆದುಕೊಂಡ ಹುಡುಗಿ 58.40ರಲ್ಲಿ ಮುಗಿಸಿದವಳಿಗಿಂತ ಮೊದಲು ನಿಲ್ಲುತ್ತಾಳೆ, ಕಂಪ್ಯೂಟರಿಗೆ 5ಕ್ಕಿಂತ 1 ಚಿಕ್ಕದಲ್ಲವೇ! ಆಮೇಲೆ ಹೀಟ್ ಹಂಚಿಕೆ ಪೂರ್ತಿ ಅಡ್ಡಾದಿಡ್ಡಿ. ಏಕೆಂದರೆ ಆರು ಲೇನಿನ ಕೊಳದಲ್ಲಿ ಅತಿ ವೇಗದವರಿಗೆ ಮೂರನೇ ಲೇನ್, ಅನಂತರದವರಿಗೆ ನಾಲ್ಕು, ಎರಡು, ಐದು, ಒಂದು, ಆರು ಎಂಬ ಕ್ರಮವಿದೆ.

ಪ್ಲಗಿನ್ ಎಷ್ಟೇ ಚೆನ್ನಾಗಿದ್ದರೂ ಸ್ಪರ್ಧೆಯ ದಿನ ಮೇಜಿನ ಮೇಲಿರುವುದು ಹೈ-ಟೆಕ್ ಓಡುವ ಲ್ಯಾಪ್‌ಟಾಪೇ. ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ ಪಟ್ಟಿ ಒಪ್ಪಿಸಬೇಕು. ಇದಕ್ಕಾಗಿ ಅಮೆರಿಕದ ಈಜು ಸಂಸ್ಥೆ ರೂಪಿಸಿದ ಎಸ್‌ಡಿಐಎಫ್ ಎಂಬ ಕಡತ ಮಾದರಿಯಿದೆ. ಇದು ಪಂಚ್ ಕಾರ್ಡ್ ಯುಗದ ಮನೋಧರ್ಮದ್ದು. ಪ್ರತಿ ಸಾಲಿನಲ್ಲೂ ಸರಿಯಾಗಿ 160 ಅಕ್ಷರ. ಮೊದಲೆರಡು ಅಕ್ಷರ ನೋಡಿಯೇ ಅದು ತಂಡದ ಸಾಲೋ, ಈಜುಗಾರರ ಸಾಲೋ, ರಿಲೇಯ ಸಾಲೋ ಎಂದು ತಿಳಿಯಬೇಕು. ಹೆಸರಿಗೆ ಇಂತಿಷ್ಟು ಜಾಗ, ಜನ್ಮದಿನಕ್ಕೆ ಇಂತಿಷ್ಟು. ಖಾಲಿ ಉಳಿದರೆ ಸ್ಪೇಸ್ ತುಂಬಬೇಕು. ಎಲ್ಲೋ ಒಂದು ಸ್ಪೇಸ್ ಕಡಿಮೆಯಾದರೆ ಅಲ್ಲಿಂದಾಚೆ ಎಲ್ಲವೂ ಒಂದು ಮನೆ ಹಿಂದಕ್ಕೆ ಸರಿದು, ಹುಟ್ಟಿದ ದಿನದ ತುದಿ ಮತ್ತೊಂದು ಖಾನೆಗೆ ನುಗ್ಗುತ್ತದೆ.

ಈ ಮಾದರಿಯ ಸದಸ್ಯ ಸಂಕೇತ ಇನ್ನೂ ಸ್ವಾರಸ್ಯಕರ. ಹುಟ್ಟಿದ ದಿನಾಂಕದ ಆರು ಅಂಕಿ, ಹೆಸರಿನ ಮೊದಲ ಮೂರು ಅಕ್ಷರ, ಮಧ್ಯದ ಹೆಸರಿನ ಒಂದು, ಮನೆತನದ ಹೆಸರಿನ ಮೊದಲ ನಾಲ್ಕು, ಒಟ್ಟು ಹದಿನಾಲ್ಕು. ಸಾಲದಿದ್ದರೆ ನಕ್ಷತ್ರ ಚಿಹ್ನೆ. ಇಂಗ್ಲಿಷಿನಲ್ಲಿ ಮೂರೇ ಅಕ್ಷರವಾಗುವ ‘ರಾವ್’ಗೆ ಒಂದು ನಕ್ಷತ್ರ ಖಚಿತ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದಕ್ಕೆ ರಮ್ಯಾ, ರಮೇಶ ಎಂಬ ಅವಳಿಗಳಿದ್ದು ಮಧ್ಯದ ಹೆಸರಿಡದಿದ್ದರೆ ಮುಗಿಯಿತು: ದಿನಾಂಕ ಒಂದೇ, ಮೊದಲ ಮೂರಕ್ಷರ ಒಂದೇ, ಮನೆತನ ಒಂದೇ. ಹುಡುಗನ ಸಮಯ ಹುಡುಗಿಯ ಲೆಕ್ಕಕ್ಕೆ ಜಮಾ. ಅವಳಿಗಳಿಗೆ ಪ್ರಾಸವಿಟ್ಟು ಹೆಸರಿಡುವ ನಮ್ಮ ಪದ್ಧತಿ ಈ ಸಂಕೇತ ಹುಟ್ಟಿಸಿದವರ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ಪ್ಲಗಿನ್ ತನ್ನೊಳಗೆ ಪ್ರತಿ ಮಗುವಿಗೂ ಅರ್ಥವಿಲ್ಲದ ಬರಿಯ ಕ್ರಮಸಂಖ್ಯೆ ಕೊಟ್ಟು, ಈ ಸಂಕೇತವನ್ನು ಕಡತ ಹೊರಡುವ ಹೊತ್ತಿಗೆ ಮಾತ್ರ ತಯಾರಿಸುವುದು ಕ್ಷೇಮ.

ಆ ಸಂಕೇತದಲ್ಲಿ ಮಗುವಿನ ಜನ್ಮದಿನ ಬಿಚ್ಚಿಟ್ಟಂತಿರುವುದು ಬೇರೆಯದೇ ಚಿಂತೆ. ಹದಿಮೂರು ತುಂಬದ ಮಕ್ಕಳ ಮಾಹಿತಿಯನ್ನು ಜಾಲತಾಣಗಳು ಪಡೆಯುವುದರ ಮೇಲೆ ಅಮೆರಿಕ 1998ರಲ್ಲೇ ಕಾಯಿದೆ ಮಾಡಿದೆ. ಲಾಭಕ್ಕಲ್ಲದ ಬಡಾವಣೆ ತಂಡಕ್ಕೆ ಅದು ಸಾಮಾನ್ಯವಾಗಿ ತಗಲುವುದಿಲ್ಲ, ನಿಜ. ಆದರೆ ಮಗುವಿನ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಶನಿವಾರ ಎಷ್ಟು ಗಂಟೆಗೆ ಎಲ್ಲಿರುತ್ತದೆ ಎಂಬುದೆಲ್ಲ ಒಂದೇ ಕಡೆ ಸಿಗುವಾಗ ಕಾಯಿದೆಯ ವಿನಾಯಿತಿ ಸಮಾಧಾನ ಕೊಡುವುದಿಲ್ಲ. ‘ಸ್ವಿಮ್ ಟೀಮ್’ ಪ್ಲಗಿನ್ನಿನ 1.44 ಸರಣಿಯಲ್ಲೇ ಮಾಹಿತಿ ಸೋರುವಂಥದೊಂದು ಬಿರುಕಿತ್ತು, 2015ರಲ್ಲಿ ಅದು ಸಾಫ್ಟ್‌ವೇರ್ ದೋಷಗಳ ಸಾರ್ವಜನಿಕ ಪಟ್ಟಿಗೆ ಸೇರಿತು. ಡೌನ್‌ಲೋಡ್‌ಗೆಂದು ಇದ್ದ ಪುಟ, ಬೇಕಾದ ಕಡತದ ಹೆಸರನ್ನು ಕೇಳಿದವರಿಂದಲೇ ಪಡೆದು ಪರೀಕ್ಷಿಸದೆ ಕೊಟ್ಟುಬಿಡುತ್ತಿತ್ತು. ಈಜುಗಾರರ ಪಟ್ಟಿಯ ಬದಲು ಸರ್ವರಿನ ಬೇರೆ ಕಡತದ ಪೂರ್ಣ ವಿಳಾಸ ಕೊಟ್ಟರೂ ಹಾಗೆಯೇ. ದೊಡ್ಡ ಕಂಪನಿಗಳ ಕೋಡಿನಲ್ಲೂ ಇಂಥ ತಪ್ಪು ಸಿಗುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಹುಡುಕಲು ಸಂಬಳದ ಜನರಿರುತ್ತಾರೆ.

ರಿಲೇ ತಂಡ ಆರಿಸುವುದರಲ್ಲಿ ಕೋಡ್ ಬರೆಯುವವರಿಗೆ ನಿಜವಾದ ಖುಷಿ ಸಿಗುತ್ತದೆ. ಮೆಡ್ಲೆ ರಿಲೇಯಲ್ಲಿ ನಾಲ್ವರು ಕ್ರಮವಾಗಿ ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ಫ್ರೀಸ್ಟೈಲ್ ಈಜಬೇಕು. ಒಬ್ಬಳು ಬ್ಯಾಕ್‌ಸ್ಟ್ರೋಕನ್ನು 20 ಸೆಕೆಂಡಿನಲ್ಲೂ ಬಟರ್‌ಫ್ಲೈಯನ್ನು 17ರಲ್ಲೂ ಮುಗಿಸುತ್ತಾಳೆ, ಇನ್ನೊಬ್ಬಳು 21 ಮತ್ತು 22ರಲ್ಲಿ ಎಂದಿಟ್ಟುಕೊಳ್ಳಿ. ಮೊದಲಿನವಳು ಬ್ಯಾಕ್‌ಸ್ಟ್ರೋಕಿನಲ್ಲಿ ಎಲ್ಲರಿಗಿಂತ ಮುಂದೆ ಎಂದು ಅವಳನ್ನು ಅಲ್ಲೇ ನಿಲ್ಲಿಸಿದರೆ ಇಬ್ಬರ ಒಟ್ಟು 42. ಅದಲುಬದಲು ಮಾಡಿದರೆ 38. ಹತ್ತು ಮಕ್ಕಳಿಂದ ನಾಲ್ವರನ್ನು ಹೀಗೆ ಹೊಂದಿಸಲು 5040 ದಾರಿಗಳಿವೆ. ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದ ‘ಹಂಗೇರಿಯನ್ ವಿಧಾನ’ ಇಂಥ ಹಂಚಿಕೆಗೆಂದೇ ಇದೆ, ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವ ಕೆಲಸ. ಆದರೆ ಉತ್ತರವನ್ನು ಕೋಚ್ ಒಪ್ಪಬೇಕಲ್ಲ. ಗೆಳತಿಯರಿಬ್ಬರೂ ಒಟ್ಟಿಗೆ ಈಜಬೇಕು, ಕಳೆದ ವಾರ ಬಿಟ್ಟವನಿಗೆ ಈ ವಾರ ಅವಕಾಶ ಕೊಡಬೇಕು. ಯಂತ್ರದ ಪಟ್ಟಿಯನ್ನು ಕೈಯಿಂದ ತಿದ್ದಲು ಬಿಡದ ಪ್ಲಗಿನ್ನನ್ನು ಯಾವ ಕೋಚೂ ಬಳಸುವುದಿಲ್ಲ.

ಪೋಷಕರು ನಿತ್ಯ ಬಳಸುವುದು ಇದಾವುದನ್ನೂ ಅಲ್ಲ. ‘ಬರುತ್ತೇವೆ’ ಅಥವಾ ‘ಬರುವುದಿಲ್ಲ’ ಎಂಬ ಗುಂಡಿ, ಯಾರು ಯಾವ ಶನಿವಾರ ಯಾವ ಕೆಲಸ ವಹಿಸಿಕೊಂಡರೆಂಬ ಪಟ್ಟಿ, ಟೀ ಶರ್ಟಿನ ಅಳತೆ. ಕೈಯಿಂದ ಸಮಯ ಅಳೆಯುವ ಪದ್ಧತಿಯಂತೆ ಒಂದೊಂದು ಲೇನಿಗೆ ಮೂವರು ಸ್ಟಾಪ್‌ವಾಚ್ ಹಿಡಿದರೆ ಆರು ಲೇನಿಗೆ ಹದಿನೆಂಟು ಮಂದಿ ಬೇಕು. ಮೂರೂ ಬೇರೆಬೇರೆ ತೋರಿಸಿದರೆ ನಡುವಿನದೇ ಅಧಿಕೃತ. ಆ ಹದಿನೆಂಟು ಜನರನ್ನು ಹೊಂದಿಸುವುದು ಈಜುಗಾರರನ್ನು ಹೊಂದಿಸುವುದಕ್ಕಿಂತ ಕಷ್ಟ.

ಇಂಥ ಪ್ಲಗಿನ್‌ಗಳ ಆಯಸ್ಸು ಹೆಚ್ಚಾಗಿ ಬರೆದವರ ಮಕ್ಕಳ ವಯಸ್ಸಿಗೆ ತಳಕು ಹಾಕಿಕೊಂಡಿರುತ್ತದೆ. ಹದಿನೆಂಟು ದಾಟಿದ ಮಗು ಲೀಗಿನಿಂದ ಹೊರಗೆ, ಅದರ ಹಿಂದೆಯೇ ಅಪ್ಪನೂ. ಇತ್ತ ವರ್ಡ್‌ಪ್ರೆಸ್ಸನ್ನೂ ಅದರ ಪ್ಲಗಿನ್‌ಗಳನ್ನೂ ಬರೆಯುವ ಪಿಎಚ್‌ಪಿ ಭಾಷೆ ಕಾಯುವುದಿಲ್ಲ. 2015ರ ಕೊನೆಗೆ ಬಂದ ಏಳನೇ ಆವೃತ್ತಿ, ಡೇಟಾಬೇಸಿನ ಜೊತೆ ಮಾತಾಡುವ ಹಳೆಯ ಸೂತ್ರಗಳನ್ನು ಕಿತ್ತುಹಾಕಿತು. 2020ರಲ್ಲಿ ಬಂದ ಎಂಟು ಇನ್ನಷ್ಟನ್ನು. ವರ್ಡ್‌ಪ್ರೆಸ್ ಭಂಡಾರದಲ್ಲಿ ಹಳೆಯ ಪ್ಲಗಿನ್ನಿನ ನೆತ್ತಿಯ ಮೇಲೆ ‘ಇತ್ತೀಚಿನ ಮೂರು ಪ್ರಮುಖ ಆವೃತ್ತಿಗಳೊಂದಿಗೆ ಪರೀಕ್ಷಿಸಿಲ್ಲ’ ಎಂಬ ಹಳದಿ ಪಟ್ಟಿ ಮೂಡುತ್ತದೆ. ಜಿಪಿಎಲ್ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಕೋಡನ್ನು ಕೈಗೆತ್ತಿಕೊಂಡು ಮುಂದುವರಿಸಬಹುದು. ಅದಕ್ಕೆ ಆರು ವರ್ಷದ ಮಗುವಿರುವ ಇನ್ನೊಬ್ಬ ಪ್ರೋಗ್ರಾಮರ್ ಅದೇ ಬಡಾವಣೆಗೆ ಬರಬೇಕು, ಅಷ್ಟೆ.

ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್‌ನಂಥ ಕ್ಲಬ್‌ಗಳಿರುವ ಬೆಂಗಳೂರಿಗೆ ಇಂಥ ಪ್ಲಗಿನ್ ತಂದರೆ ಏನೇನು ಬದಲಾಗಬೇಕು? ಕಡತದ ತಲೆನೋವು ಹಾಗೆಯೇ ಉಳಿಯುತ್ತದೆ: ಭಾರತೀಯ ಈಜು ಫೆಡರೇಷನ್ನಿನ ಫಲಿತಾಂಶ ಪಟ್ಟಿಗಳ ಮೇಲೂ ಹೈ-ಟೆಕ್ ಹೆಸರೇ ಅಚ್ಚಾಗಿರುತ್ತದೆ. ವಯಸ್ಸಿನ ಗಡುವು ಜೂನ್ 1ರಿಂದ ಡಿಸೆಂಬರ್ 31ಕ್ಕೆ ಹೋಗುತ್ತದೆ, ಹುಟ್ಟಿದ ವರ್ಷವೇ ಸಾಕು. ಅಮೆರಿಕದ ಅನೇಕ ಕೊಳಗಳ ಅಳತೆ 25 ಗಜ, ಅಂದರೆ 22.86 ಮೀಟರ್, ಇಲ್ಲಿ 25 ಅಥವಾ 50 ಮೀಟರ್. ಹಾಗಾಗಿ ಪ್ರತಿ ಸಮಯದ ಪಕ್ಕದಲ್ಲೂ ಕೊಳದ ಅಳತೆ ದಾಖಲಾಗಬೇಕು. ಸ್ಟಾಪ್‌ವಾಚ್ ಹಿಡಿಯುವುದು ಸಂಸ್ಥೆಯ ತಾಂತ್ರಿಕ ಅಧಿಕಾರಿಗಳಾದ್ದರಿಂದ ಪೋಷಕರ ಕೆಲಸದ ಪಟ್ಟಿ ಬಹುಪಾಲು ಖಾಲಿ ಕೂರುತ್ತದೆ. ಎಲ್ಲಕ್ಕಿಂತ ಮೊದಲು ಕೈಹಾಕಬೇಕಾದ್ದು ಹೆಸರಿನ ಖಾನೆಗೆ. ಮನೆತನದ ಹೆಸರು ಕಡ್ಡಾಯ ಎಂದು ಕೆಂಪು ನಕ್ಷತ್ರ ಹಾಕಿದ ಅರ್ಜಿಯ ಮುಂದೆ, ಇನಿಷಿಯಲ್ ಬಿಟ್ಟರೆ ಬೇರೇನೂ ಇಲ್ಲದ ಮೈಸೂರು ಕಡೆಯ ಹುಡುಗ ಎರಡನೇ ಸಾಲಿಗೇ ಸಿಕ್ಕಿಹಾಕಿಕೊಳ್ಳುತ್ತಾನೆ.