ಎರೆಮಣ್ಣಿನ ಹಿತ್ತಲಲ್ಲಿ ಸುಗಂಧರಾಜ

ಗಡ್ಡೆಯಿಂದ ಬೆಳೆಯುವ ಹೂಗಳೆಂದರೆ ಮನೆಯವರಿಗೆಲ್ಲ ಆಸೆ. ಕಾಶ್ಮೀರದಂಥ ಚಳಿನಾಡಿನಲ್ಲಿ ಅರಳುವ ನೀಲಿ ಐರಿಸ್ ಹೂವಿನ ಚಿತ್ರ ನೋಡಿ, ಅದನ್ನು ನಮ್ಮಲ್ಲಿ ಬೆಳೆಯಬಹುದೇ ಎಂದು ಕೇಳುವವರಿದ್ದಾರೆ. ಅದಕ್ಕೆ ಚಳಿಗಾಲದ ಗಡಸು ಚಳಿ ಬೇಕು. ನವಿಲುತೀರ್ಥದ ಸುತ್ತಲಿನ ಬಿಸಿಲಿಗೆ ಅದು ಒಗ್ಗುವುದಿಲ್ಲ. ನಮ್ಮ ಹಿತ್ತಲಿಗೆ ತಕ್ಕದ್ದು ಸುಗಂಧರಾಜ, ಅಂದರೆ ನಿಶಿಗಂಧ. ಇದರ ಮೂಲ ಮೆಕ್ಸಿಕೋ ದೇಶ. ಬಿಸಿಲು ಇದಕ್ಕೆ ಹಿತ.

ಆದರೂ ಇದನ್ನು ನೆಟ್ಟವರಲ್ಲಿ ಎರಡು ದೂರುಗಳುಂಟು. ಮಳೆಗಾಲದಲ್ಲಿ ಗಡ್ಡೆ ಕೊಳೆಯಿತು ಎಂಬುದು ಒಂದು. ಎಲೆ ಹುಲುಸಾಗಿ ಬಂತು, ಹೂವಿನ ಕಡ್ಡಿ ಮಾತ್ರ ಬರಲಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಕಾರಣ ನೆಡುವ ದಿನವೇ ಇರುತ್ತದೆ.

ಮಣ್ಣು ಮತ್ತು ಮಡಿ

ಸವದತ್ತಿ, ಬೈಲಹೊಂಗಲ, ರಾಮದುರ್ಗ ತಾಲೂಕುಗಳಲ್ಲಿ ಎರೆಭೂಮಿ ಹೆಚ್ಚು. ಈ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಎರಡು ದಿನ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ. ಆಮೇಲೆ ಬುಡಕೊಳೆ ರೋಗದ ಶಿಲೀಂಧ್ರ ಹತ್ತುತ್ತದೆ. ಗಿಡದ ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಗುಂಡುಗಳು ಕಂಡರೆ ಅದೇ ರೋಗ. ಅಂಥ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಕಿತ್ತು ಸುಡಬೇಕು; ತಿಪ್ಪೆಗೆ ಹಾಕಬಾರದು.

ಆದ್ದರಿಂದ ಸಪಾಟು ನೆಲದಲ್ಲಿ ನೆಡದೆ ಏರುಮಡಿ ಮಾಡಿರಿ. 3 ಮೀಟರ್ ಉದ್ದ, 1 ಮೀಟರ್ ಅಗಲದ ಮಡಿ ಒಂದು ಮನೆಗೆ ಸಾಕು. ನೆಲವನ್ನು ಒಂದು ಅಡಿ ಅಗೆದು, ಸಿಕ್ಕರೆ ಮಸಾರಿ ಮಣ್ಣು ಇಲ್ಲವೇ ಮರಳನ್ನು ಬೆರೆಸಿ, ನಾಲ್ಕೈದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಿ, ಮಡಿಯನ್ನು ನೆಲದಿಂದ ಒಂದು ಗೇಣು ಎತ್ತರಿಸಬೇಕು. ಗೊಬ್ಬರದೊಂದಿಗೆ ಟ್ರೈಕೋಡರ್ಮ ಬೆರೆಸಿದರೆ ಕೊಳೆರೋಗ ತಗ್ಗುತ್ತದೆ. ಬೇವಿನ ಹಿಂಡಿ ಬೇರುಗಂಟಿನ ಜಂತುಹುಳುವಿನ ಹಾವಳಿಯನ್ನು ಕಡಿಮೆ ಮಾಡುತ್ತದೆ. ಕಿತ್ತೂರು ಕಡೆ ಮಳೆ ಹೆಚ್ಚಾದ್ದರಿಂದ ಮಡಿ ಇನ್ನೂ ಎತ್ತರವಿರಲಿ.

ಬಚ್ಚಲ ನೀರು ಹರಿಯುವ ಕಡೆ ಹೂಗಿಡ ಹಚ್ಚುವುದು ನಮ್ಮ ರೂಢಿ. ಬಾಳೆಗೆ, ಕೆಸುವಿಗೆ ಅದು ಸರಿ. ಸದಾ ಹಸಿಯಾಗಿರುವ ಆ ಜಾಗದಲ್ಲಿ ಸುಗಂಧರಾಜ ಬದುಕುವುದಿಲ್ಲ. ಕಾಲುವೆ ನೀರಿನಿಂದ ಸವಳಾದ ನೆಲವೂ ಬೇಡ.

ಗಡ್ಡೆಯ ಆಯ್ಕೆ

ಒಮ್ಮೆ ಹೂ ಬಿಟ್ಟ ಗಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಸುತ್ತ ಹುಟ್ಟುವ ಮರಿಗಡ್ಡೆಗಳು ಬೆಳೆದು ಹೂ ಕೊಡುತ್ತವೆ. ಇದನ್ನರಿಯದೆ ನೆರೆಮನೆಯಿಂದ ತಂದ ಗಡ್ಡೆಯ ಹಿಂಡನ್ನು ಹಾಗೆಯೇ ಊರಿದರೆ, ಮರಿಗಳು ಒಂದಕ್ಕೊಂದು ಒತ್ತಿಕೊಂಡು ಬರೀ ಎಲೆ ಬಿಡುತ್ತವೆ. ಹಿಂಡನ್ನು ಬಿಡಿಸಿ 2ರಿಂದ 3 ಸೆಂ.ಮೀ. ದಪ್ಪದ, ಗಟ್ಟಿಯಾದ ಗಡ್ಡೆಗಳನ್ನು ಮಾತ್ರ ಮಡಿಗೆ ಆರಿಸಿರಿ. ಸಣ್ಣವನ್ನು ಎಸೆಯಬೇಕಿಲ್ಲ, ಬೇರೆ ಮೂಲೆಯಲ್ಲಿ ಊರಿದರೆ ಮರುವರ್ಷಕ್ಕೆ ಬಲಿಯುತ್ತವೆ.

ಮಾಲೆಗೆ ಒಂಟಿ ಸುತ್ತಿನ ಹೂ ಬೇಕು, ಅದಕ್ಕೇ ಸುವಾಸನೆ ಹೆಚ್ಚು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ, ಪ್ರಜ್ವಲ್ ತಳಿಗಳು ಇಂಥವು. ಸುವಾಸಿನಿ ಹಲವು ಸುತ್ತಿನದು, ಹೂದಾನಿಗೆ ಚೆಂದ.

ಏಪ್ರಿಲ್-ಮೇ ತಿಂಗಳಲ್ಲಿ ಸಾಲಿನಿಂದ ಸಾಲಿಗೆ 30, ಗಡ್ಡೆಯಿಂದ ಗಡ್ಡೆಗೆ 20 ಸೆಂ.ಮೀ. ಬಿಟ್ಟು, 5 ಸೆಂ.ಮೀ. ಆಳದಲ್ಲಿ ಮೊಳಕೆ ಮೇಲಾಗಿ ಊರಬೇಕು. ಮೇಲೆ ಹೇಳಿದ ಮಡಿಯಲ್ಲಿ ಮೂರು ಸಾಲಿನಲ್ಲಿ 45 ಗಡ್ಡೆ ಹಿಡಿಯುತ್ತವೆ. ಊರುವಾಗ ಸೂಪರ್ ಫಾಸ್ಫೇಟ್ 375 ಗ್ರಾಂ, ಪೊಟ್ಯಾಷ್ 100 ಗ್ರಾಂ ಕೊಡಿರಿ. ಯೂರಿಯಾ 130 ಗ್ರಾಂ ಸಾಕು, ಅದನ್ನೂ ತಿಂಗಳಿಗೊಮ್ಮೆ ಮೂರು ಸಲ ಹಂಚಿ ಕೊಡಬೇಕು. ಹೆಚ್ಚು ಹಾಕಿದರೆ ಮತ್ತೆ ಎಲೆಯೇ. ಮೊಳಕೆ ಕಾಣುವ ತನಕ ನೀರು ಮಿತವಾಗಿರಲಿ.

ಮೂರು ಮೂರೂವರೆ ತಿಂಗಳಿಗೆ ಹೂ ಶುರುವಾಗುತ್ತದೆ. ಮಾಲೆಗೆ ಬೆಳಗಿನ ಜಾವ ಬಿಡಿಸಬೇಕು; ಕಡ್ಡಿ ಬೇಕಾದರೆ ಕೆಳಗಿನ ಒಂದೆರಡು ಹೂ ಅರಳಿದಾಗ ಕತ್ತರಿಸಬೇಕು. ಚಳಿಯಲ್ಲಿ ಹೂ ಇಳಿಯುತ್ತದೆ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೂ ಒಯ್ಯುವವರು ಇದನ್ನೊಂದೇ ನಂಬದೆ ಪಕ್ಕದಲ್ಲಿ ಸೇವಂತಿಗೆಯನ್ನೂ ಇಟ್ಟುಕೊಂಡಿರಲಿ.

ಒಂದೇ ಮಡಿಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಬಿಡಬೇಡಿರಿ. ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಗಡ್ಡೆ ಕಿತ್ತು, ಮಣ್ಣು ಕೊಡವಿ, ನೆರಳಿನಲ್ಲಿ ತೆಳ್ಳಗೆ ಹರವಿ ಒಂದು ತಿಂಗಳು ಆರಿಸಿ, ಬೇರೆ ಮಡಿಯಲ್ಲಿ ಊರಿರಿ.